ಮಗಳ ಒವನ್, ನಮ್ಮ ಮೆಟ್ಟಿಲು

ಮಗಳು ಬೆಂಗಳೂರಿನ ಪರೀಕ್ಷಾಲಯವೊಂದರಲ್ಲಿ ಕೆಲಸಕ್ಕೆ ಸೇರಿದಾಗ ನೆಂಟರೆಲ್ಲ "ಏನು ಕೆಲಸ?" ಎಂದು ಕೇಳುತ್ತಿದ್ದರು. "ಬ್ಯಾಟರಿಯನ್ನು ಒವನ್‌ನಲ್ಲಿಟ್ಟು ಬಿಸಿ ಮಾಡುವುದು" ಎಂದು ಅವಳು ನಗುತ್ತಾ ಹೇಳಿದರೆ ನನಗೇ ಮುಜುಗರ. ಇಂಜಿನಿಯರಿಂಗ್ ಓದಿಸಿದ್ದು ಇದಕ್ಕೇನಾ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದೂ ಉಂಟು.

ಮೊನ್ನೆ ಈದ್‌ಗೆ ಊರಿಗೆ ಬಂದವಳು ಮೆಟ್ಟಿಲ ಬಳಿ ನಿಂತುಬಿಟ್ಟಳು. ಅವಳ ಅಣ್ಣ ಉರಿಬಿಸಿಲಲ್ಲಿ ತಿರುಗಾಡಿ ಬಂದು, ಎಲೆಕ್ಟ್ರಿಕ್ ಸ್ಕೂಟರನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ಕೂಡಲೇ ಚಾರ್ಜಿಗೆ ಹಾಕಿದ್ದ. ಪಕ್ಕದಲ್ಲೇ ಹಳೆಯ ಪತ್ರಿಕೆಗಳ ಕಟ್ಟು. ನಾವೆಲ್ಲ ಮಲಗುವುದು ಮೇಲೆ. ಇಳಿಯಲು ಇರುವುದು ಅದೊಂದೇ ದಾರಿ.

"ಉಮ್ಮಾ, ದಿನಾ ಇಲ್ಲೇನಾ?" ಎಂದವಳೇ ಪ್ಲಗ್ ಕಿತ್ತಳು. ಅವನು ರೇಗಿದ. "ಟೆಸ್ಟ್ ಮಾಡಿಯೇ ಮಾರುವುದಲ್ವಾ?"

"ಟೆಸ್ಟ್ ಮಾಡುವವಳೇ ಹೇಳ್ತಿದ್ದೇನೆ."

ರಾತ್ರಿ ಅಡುಗೆಮನೆಯಲ್ಲಿ ನಾನೇ ಕೆದಕಿದೆ. ಪೂರ್ತಿ ಚಾರ್ಜ್ ಆದ ಸೆಲ್ಲನ್ನು ಒವನ್‌ನಲ್ಲಿಟ್ಟು, ನಿಮಿಷಕ್ಕೆ 5 ಡಿಗ್ರಿಯಂತೆ ಶಾಖ ಏರಿಸಿ, 130 ಡಿಗ್ರಿಯಲ್ಲಿ ನಿಲ್ಲಿಸುತ್ತಾರಂತೆ. ಮೊಬೈಲಿನಂಥ ಸಣ್ಣ ಸೆಲ್ಲಿಗೆ 10 ನಿಮಿಷ. ಅಷ್ಟರಲ್ಲಿ ಬೆಂಕಿ ಹತ್ತಬಾರದು, ಸಿಡಿಯಬಾರದು. ಸೆಲ್ ಕೆಟ್ಟುಹೋದರೆ ಚಿಂತೆಯಿಲ್ಲ.

ಸೆಲ್ಲಿನ ಎರಡು ಧ್ರುವಗಳ ನಡುವೆ ಸಣ್ಣ ಸಣ್ಣ ರಂಧ್ರಗಳಿರುವ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸಾಮಾನ್ಯವಾಗಿ ಅದು ಪಾಲಿಎಥಿಲೀನ್. 130 ಡಿಗ್ರಿಯ ಆಸುಪಾಸಿನಲ್ಲಿ ಅದು ಕರಗಿ ರಂಧ್ರಗಳು ಮುಚ್ಚಿಕೊಂಡು ವಿದ್ಯುತ್ತು ನಿಲ್ಲುತ್ತದೆ. ಶಾಖ ಇನ್ನೂ ಏರಿದರೆ ಹಾಳೆ ಮುದುಡಿ, ಧ್ರುವಗಳು ಒಂದಕ್ಕೊಂದು ತಾಗುತ್ತವೆ. ಆಮೇಲೆ ಸೆಲ್ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

"ಹಾಲು ಉಕ್ಕಿದ ಹಾಗೆಯಾ?" ಎಂದೆ.

"ಒಲೆ ಆರಿಸಿದರೆ ಹಾಲು ಇಳಿಯುತ್ತದೆ ಉಮ್ಮಾ. ಇದು ಇಳಿಯುವುದಿಲ್ಲ. ಪಕ್ಕದ ಸೆಲ್ಲನ್ನೂ ಹೊತ್ತಿಸುತ್ತದೆ."

2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ, ಮನೆಯಲ್ಲಿ ಚಾರ್ಜಿಗಿಟ್ಟ ಸ್ಕೂಟರಿಗೆ ರಾತ್ರಿ ಬೆಂಕಿ ಹತ್ತಿ, ತಂದೆ ಮತ್ತು ಮಗಳು ಹೊಗೆಯಿಂದ ಉಸಿರುಗಟ್ಟಿ ತೀರಿಕೊಂಡಿದ್ದರು. ಆ ವರ್ಷದ ಇಂಥ ದುರಂತಗಳ ಬಳಿಕವೇ ನಮ್ಮ ದೇಶದಲ್ಲಿ ಈ ಬ್ಯಾಟರಿಗಳ ಪರೀಕ್ಷಾ ನಿಯಮ, ಡಿಸೆಂಬರ್‌ನಿಂದ ಎರಡು ಹಂತಗಳಲ್ಲಿ ಬಿಗಿಯಾಯಿತು. ಅಂದು ಪೇಪರಿನಲ್ಲಿ ಓದಿ "ಪಾಪ" ಎಂದು ಮಡಚಿಟ್ಟವಳು ನಾನು. ನಮ್ಮ ಮೆಟ್ಟಿಲು ನೆನಪಿಗೇ ಬಂದಿರಲಿಲ್ಲ.

"ಪಾಸಾದ ಬ್ಯಾಟರಿಗೂ ಹೆದರಬೇಕಾ?"

"ಪರೀಕ್ಷೆಗೆ ಬರುವುದು ಹೊಸ ಸೆಲ್. ಕೆಳಗೆ ಬಿದ್ದದ್ದು, ನೀರು ಹೊಕ್ಕದ್ದು, ಸಿಕ್ಕಿದ ಚಾರ್ಜರಿಗೆ ಸಿಕ್ಕಿಸಿದ್ದು ಅಲ್ಲ."

ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮೊಮ್ಮಗ ಕಾರ್ಟೂನ್ ನೋಡುತ್ತಾ ನಿದ್ದೆ ಹೋಗುವ ಹಳೆಯ ಮೊಬೈಲಿನ ಬೆನ್ನು ಉಬ್ಬಿ ತಿಂಗಳಾಗಿತ್ತು. ಅದು ದಿಂಬಿನಡಿಯಲ್ಲೇ ಚಾರ್ಜ್ ಆಗುತ್ತಿತ್ತು! ಓಡಿಹೋಗಿ ತಂದೆ. ಅವಳು ಒತ್ತಲಿಲ್ಲ, ಬಿಚ್ಚಲಿಲ್ಲ. ಸ್ವಿಚ್ ಆಫ್ ಮಾಡಿ ಅಂಗಳದಲ್ಲಿ ಮಣ್ಣಿನ ಚಟ್ಟಿಯೊಳಗಿಟ್ಟಳು. ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೇ ಕೊಡಬೇಕು ಎಂದಳು.

ಸ್ಕೂಟರ್ ಈಗ ಹೊರಗಿನ ಶೀಟಿನಡಿ, ಬಿಸಿ ಆರಿದ ಮೇಲೆ, ನಾವು ಎಚ್ಚರವಿರುವಾಗ ಮಾತ್ರ ಚಾರ್ಜಾಗುತ್ತದೆ. ಉದ್ದದ ವಯರ್ ಎಳೆಯಬಾರದು ಎಂದಳೆಂದು ಅಲ್ಲೇ ಹೊಸ ಪಾಯಿಂಟ್ ಹಾಕಿಸಿದ್ದಾಯಿತು. ಇಲೆಕ್ಟ್ರಿಷಿಯನ್‌ನ ದುಡ್ಡನ್ನು ತಂಗಿಯೇ ಕೊಡಬೇಕೆಂದು ಅಣ್ಣ ಇನ್ನೂ ಹಠ ಹಿಡಿದಿದ್ದಾನೆ.