ಕಂಪ್ಯೂಟರಿನೊಳಗೊಂದು ಬಾಡಿಗೆ ಕೋಣೆ

ಹೊಸೂರಿನ ಕಡೆಯವರಿಗೆ ಬಾಡಿಗೆ ಕೋಣೆ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಸಿಪ್ಕಾಟ್ ಕಾರ್ಖಾನೆಗಳು ಬಂದಮೇಲೆ ಮನೆಯ ಪಕ್ಕಕ್ಕೋ ಮೇಲಕ್ಕೋ ಒಂದು ಕೋಣೆ ಎಬ್ಬಿಸಿ ಬಾಡಿಗೆಗೆ ಬಿಟ್ಟವರು ಬಹಳ ಜನ. ಕಟ್ಟಡ ಒಂದೇ, ಸಂಸಾರ ಬೇರೆ. ನೀರು, ಕರೆಂಟು ನಮ್ಮದು. ಒಲೆ, ಬೀಗ ಅವರದು. ವರ್ಚುವಲ್ ಮೆಷಿನ್ ಅನ್ನೋದೂ ಹೀಗೇನೇ. ಹೊಸ ಕಂಪ್ಯೂಟರಿನ ಮೆಮೊರಿಯಲ್ಲಿ ಸ್ವಲ್ಪ, ಡಿಸ್ಕಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಅದರೊಳಗೆ ಇನ್ನೊಂದು ಕಂಪ್ಯೂಟರು ಸಂಸಾರ ಹೂಡುತ್ತದೆ.

ನಮ್ಮ ವಾಚನಾಲಯಕ್ಕೆ ಇದು ಬೇಕಾದದ್ದು ಹಳೆಯ ಬರಹಗಳಿಗಾಗಿ. ತಳಿ, ಡೆಂಕಣಿಕೋಟೆ ಕಡೆಯ ಅಜ್ಜಿಯರು ಹೇಳಿದ ಸೋಬಾನೆ ಪದಗಳನ್ನು ಆಗ ನುಡಿ ಅಕ್ಷರದಲ್ಲಿ ಟೈಪು ಮಾಡಿ, ಪೇಜ್‌ಮೇಕರಿನಲ್ಲಿ ಪುಟ ಕಟ್ಟಿ, ಸೀಡಿಯಲ್ಲಿ ಇಟ್ಟಿದ್ದರು. ಹೊಸ ಕಂಪ್ಯೂಟರಿನಲ್ಲಿ ಆ ಪೇಜ್‌ಮೇಕರ್ ಓಡಲಿಲ್ಲ. ಬಿಡಿಯಾಗಿದ್ದ ಫೈಲುಗಳು ತೆರೆದುಕೊಂಡರೂ ಒಂದಕ್ಷರ ಓದೋ ಹಾಗಿರಲಿಲ್ಲ. ಅಂದಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಫಾಂಟು ಇಲ್ಲದಿದ್ದರೆ ‘ಕನ್ನಡ’ ಅನ್ನೋ ಪದ ಇಂಗ್ಲಿಷಿನ ‘ಪಿ’ಯಿಂದ ಶುರುವಾಗಿ ನಡುವೆ ಪೌಂಡಿನ ಗುರುತು ತೋರಿಸುತ್ತದೆ! ಈಗಿನ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ; ಆ ತೊಂದರೆ ಇಲ್ಲ.

ಕೋಣೆ ಕಟ್ಟೋದು ಕಷ್ಟವಲ್ಲ. ವರ್ಚುವಲ್‌ಬಾಕ್ಸ್ ಪುಕ್ಕಟೆ ಸಿಗುತ್ತದೆ. ಮೊದಲು ಕಂಪ್ಯೂಟರಿನ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಚಾಲೂ ಇದೆಯೇ ನೋಡಿ. ಆಮೇಲೆ ‘ಹೊಸದು’ ಒತ್ತಿ, ಒಂದು ಜಿಬಿ ಮೆಮೊರಿ, ಇಪ್ಪತ್ತು ಜಿಬಿ ಡಿಸ್ಕು ಕೊಡಿ. ವಿಂಡೋಸ್ ಎಕ್ಸ್‌ಪಿಗೆ ಅಷ್ಟು ಧಾರಾಳ. ಎಕ್ಸ್‌ಪಿಯ ಹಳೇ ಸೀಡಿ, ಅದರ ಕೀ ನಂಬರು ನಿಮ್ಮ ಹತ್ತಿರ ಇರಬೇಕು. ಅದಾದಮೇಲೆ ನುಡಿ, ಪೇಜ್‌ಮೇಕರ್ ಹಾಕಿ, ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಏನೇ ಕೆಟ್ಟರೂ ಆ ದಿನದ ಸ್ಥಿತಿಗೆ ಮರಳಬಹುದು. ಹೊರಗೂ ಒಳಗೂ ಫೈಲು ಸಾಗಿಸಲು ಒಂದು ಹಂಚಿಕೆ ಫೋಲ್ಡರ್ ಸಾಕು. ಒಂದು ಎಚ್ಚರಿಕೆ: ಈ ಕೋಣೆಗೆ ಇಂಟರ್ನೆಟ್ ಕೊಡಬೇಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಬಾಗಿಲಿಗೆ ಚಿಲಕ ಇಲ್ಲದ ಹಾಗೆ.

ಫೈಲು ತೆರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬರಹವನ್ನು ಯೂನಿಕೋಡಿಗೆ ಬದಲಿಸಬೇಕು. ಬದಲಿಸುವ ತಂತ್ರಾಂಶ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅಲ್ಲಲ್ಲಿ ಎಡವುತ್ತದೆ. ನಮ್ಮ ಕಡೆಯ ಮಾತು ಬೇರೆ ಇದೆ: ಅರ್ಧ ತೆಲುಗಿನ ಛಾಯೆ, ಅರ್ಧ ತಮಿಳಿನದು. ಅದು ತಪ್ಪೋ ಸರಿಯೋ ಅಂತ ಬೆಂಗಳೂರಿನವರಿಗೆ ಗೊತ್ತಾಗೋದಿಲ್ಲ. ಆ ಪದ ಬಲ್ಲ ಅಜ್ಜಿಯೊಬ್ಬರು ಪಕ್ಕದಲ್ಲಿ ಕೂತು ‘ಹಂಗಲ್ಲ ಮಗಾ, ಹಿಂಗೆ’ ಅನ್ನಬೇಕು. ಹಾಡಿದವರಲ್ಲಿ ಕೆಲವರು ಈಗಾಗಲೇ ಇಲ್ಲ. ಕಂಪ್ಯೂಟರು ಹಳೇ ಕಾಲವನ್ನು ಕೋಣೆಯಲ್ಲಿ ಕಾಪಾಡಬಹುದು, ಅಜ್ಜಿಯರನ್ನಲ್ಲ. ಅದಕ್ಕೇ ಅವಸರ.

ನಿಮ್ಮ ಅಟ್ಟದ ಮೇಲೂ ಹಳೇ ಸೀಡಿ, ಫ್ಲಾಪಿ ಇದ್ದರೆ ಎಸೆಯಬೇಡಿ. ವಾಚನಾಲಯಕ್ಕೆ ತನ್ನಿ, ಕೋಣೆ ಖಾಲಿ ಇದೆ, ಬಾಡಿಗೆ ಇಲ್ಲ.