ಜನ ಬಂದರೆ ತಾನೇ ಹೊತ್ತಿಕೊಳ್ಳುವ ದೀಪ

ಕಳೆದ ಆಷಾಢದ ಒಂದು ರಾತ್ರಿ ಊರಲ್ಲಿ ಅಜ್ಜಿ ಜಾರಿ ಬಿದ್ದಳು.

ತೀರ್ಥಹಳ್ಳಿ ಕಡೆಯ ಹಳೇ ಹಂಚಿನ ಮನೆ ನಮ್ಮದು. ಬಚ್ಚಲು ಮನೆ ಇರುವುದು ಹಿತ್ತಿಲಲ್ಲಿ, ಅಡುಗೆ ಮನೆ ಬಾಗಿಲಿಂದ ಒಂದು ಹದಿನೈದು ಹೆಜ್ಜೆ. ನಡುವೆ ಚಪ್ಪಡಿ ಕಲ್ಲಿನ ದಾರಿ, ಮಳೆಗಾಲ ಬಂತೆಂದರೆ ಅದರ ಮೇಲೆ ಹಾವಸೆ. ಲೈಟಿನ ಸ್ವಿಚ್ ಹಾಕಿದರೆ ಪಕ್ಕದ ಕೋಣೆಯಲ್ಲಿ ಮಲಗಿದ ಅಪ್ಪನಿಗೆ ಎಚ್ಚರವಾಗುತ್ತದೆ ಅಂತ ಅಜ್ಜಿ ಹಾಕುತ್ತಲೇ ಇರಲಿಲ್ಲ. ಅವತ್ತು ಹಾಕಿದ್ದರೂ ಪ್ರಯೋಜನವಿರಲಿಲ್ಲ ಬಿಡಿ, ಕರೆಂಟೇ ಇರಲಿಲ್ಲ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕೊಡೆ. ಜಾರಿದಾಗ ಗೋಡೆ ಹಿಡಿಯಲು ಕೈ ಖಾಲಿ ಇರಲಿಲ್ಲ. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ವಯಸ್ಸು ಎಂಬತ್ತೆರಡು.

ಮರುದಿನ ಫೋನ್ ಮಾಡಿದಾಗ ಅಜ್ಜಿ ನೋವಿನ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಕೊನೆಗೆ ಫೋನ್ ಇಡುವ ಮುಂಚೆ ಒಂದು ಮಾತು ಕೇಳಿದಳು. "ಮಗಾ, ನೀನು ಕಾಲೇಜಲ್ಲಿ ಮಾಡಿದ್ಯಲ್ಲ, ಜನ ಬಂದ್ರೆ ತಾನೇ ಹೊತ್ಕೊಳ್ಳೋ ದೀಪ, ಅದೊಂದು ನಮ್ ಹಿತ್ಲಿಗೆ ಹಾಕ್ಬಾರ್ದಾ?"

ನನಗೆ ತಕ್ಷಣ ಏನೂ ಹೇಳಲು ಆಗಲಿಲ್ಲ. ಯಾಕೆಂದರೆ ಆ ದೀಪವನ್ನು ನಾನು ಮಾಡಿರಲಿಲ್ಲ.

ಇಂಜಿನಿಯರಿಂಗ್ ಓದಿದವರಿಗೆ ಈ ಕಥೆ ಗೊತ್ತಿರುತ್ತೆ. ಎಂಟು ವರ್ಷದ ಹಿಂದೆ, ಎಲೆಕ್ಟ್ರಾನಿಕ್ಸ್ ಫೈನಲ್ ಇಯರ್. ಪ್ಲೇಸ್‌ಮೆಂಟ್ ಆಗಿತ್ತು, ಪ್ರಾಜೆಕ್ಟ್ ಆಗಿರಲಿಲ್ಲ. ನಾವು ನಾಲ್ಕು ಜನ ಮಾರ್ಕೆಟ್ ಬಸ್ ಹತ್ತಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ಒಂದು ಅಂಗಡಿಯ ಮಹಡಿ ಮೇಲೆ ರೆಡಿಮೇಡ್ ಪ್ರಾಜೆಕ್ಟ್ ಒಂದನ್ನು ಕೊಂಡೆವು. 'ಆಟೊಮ್ಯಾಟಿಕ್ ಸ್ಟ್ರೀಟ್ ಲೈಟ್'. ಥರ್ಮೋಕೋಲ್ ಮೇಲೆ ಕಪ್ಪು ರಸ್ತೆ, ಆಟಿಕೆ ಕಾರು ಬಂದರೆ ಹೊತ್ತಿಕೊಳ್ಳುವ ಪುಟ್ಟ ಎಲ್‌ಇಡಿಗಳು. ರಿಪೋರ್ಟನ್ನೂ ಅವರೇ ಪ್ರಿಂಟ್ ಮಾಡಿ ಬೈಂಡ್ ಹಾಕಿಸಿ ಕೊಟ್ಟರು. ಹನ್ನೆರಡು ಸಾವಿರ, ತಲೆಗೆ ಮೂರು ಸಾವಿರ. ನನ್ನ ಪಾಲಿನ ಮೂರು ಸಾವಿರವನ್ನು "ಸಾಮಾನು ತರೋಕೆ" ಅಂತ ಹೇಳಿ ಅಜ್ಜಿಯ ಹತ್ತಿರ ತೆಗೆದುಕೊಂಡಿದ್ದೆ. ಹಾಲು ಡೈರಿಗೆ ಹಾಕಿ ಕೂಡಿಟ್ಟ ದುಡ್ಡು. ಪ್ರಾಜೆಕ್ಟಿನ ವೀಡಿಯೊ ತೋರಿಸಿದಾಗ ಅವಳು ಕೇರಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಆಮೇಲೆ ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ನಿಜ ಹೇಳಬೇಕೆಂದರೆ, ಡಿಗ್ರಿ ಮುಗಿಸುವ ತನಕ ನಾನು ನೆಟ್ಟಗೆ ಒಂದು ಬೆಸುಗೆ ಹಾಕಿರಲಿಲ್ಲ.

ಅಜ್ಜಿಗೆ "ಹಾಕ್ತೀನಿ" ಅಂತ ಹೇಳಿಬಿಟ್ಟೆ.

ಸೆನ್ಸರ್ ಇರುವ ರೆಡಿಮೇಡ್ ಬಲ್ಬುಗಳು ಆನ್‌ಲೈನಲ್ಲಿ ಬೇಕಾದಷ್ಟಿವೆ. ಒಂದನ್ನು ಕಾರ್ಟಿಗೂ ಹಾಕಿದೆ. ಆದರೆ ಅದು ಕರೆಂಟ್ ಹೋದಾಗ ಹೊತ್ತುವುದಿಲ್ಲ, ಬೆಳಕು ಮೇಲಿಂದ ಕಣ್ಣಿಗೆ ಹೊಡೆಯುತ್ತದೆ. ಅಜ್ಜಿಗೆ ಬೇಕಿದ್ದದ್ದು ಕಾಲ ಬುಡದಲ್ಲಿ ಬೆಳಕು. ಇದು ಸಕಾರಣ. ಇನ್ನೊಂದು ಕಾರಣವೂ ಇತ್ತು. ಅದೇ ಸುಳ್ಳನ್ನು ಎರಡನೇ ಸಲ ದುಡ್ಡು ಕೊಟ್ಟು ಕೊಳ್ಳಲು ಮನಸ್ಸು ಬರಲಿಲ್ಲ.

ಒಂದು ಶನಿವಾರ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಎಸ್‌ಪಿ ರೋಡಿಗೆ ನಡೆದೆ. ಪೂರ್ತಿ ಹೆಸರು ಸದರ್ ಪತ್ರಪ್ಪ ರೋಡ್, ಆದರೆ ಆ ಹೆಸರು ಹೇಳಿ ದಾರಿ ಕೇಳುವವರು ಕಡಿಮೆ. ಒಂದು ಕಡೆ ಲ್ಯಾಪ್‌ಟಾಪ್, ಸಿಸಿಟಿವಿ ಅಂಗಡಿಗಳು. ಗಲ್ಲಿ ಒಳಗೆ ಹೊಕ್ಕರೆ ಒಂದಾಳು ನಿಲ್ಲುವಷ್ಟೇ ಜಾಗದ ಅಂಗಡಿಗಳು, ಗೋಡೆ ತುಂಬಾ ಸಣ್ಣ ಸಣ್ಣ ಡ್ರಾಯರ್. ಒಂದೊಂದರಲ್ಲಿ ಒಂದೊಂದು ಬೆಲೆಯ ರೆಸಿಸ್ಟರ್. ನಾವು ಪ್ರಾಜೆಕ್ಟ್ ಕೊಂಡ ಮಹಡಿಯ ಮೆಟ್ಟಿಲು ಕಂಡಿತು. ಕೆಳಗೆ ಕಾಲೇಜು ಬ್ಯಾಗ್ ಹಾಕಿಕೊಂಡ ಮೂವರು ನಿಂತಿದ್ದರು. ನಾನು ಮುಂದೆ ಹೋದೆ.

ಕೈಯಲ್ಲಿ ಪಟ್ಟಿ ಇತ್ತು. ಹನ್ನೆರಡು ವೋಲ್ಟಿನ ಎಲ್‌ಇಡಿ ಸ್ಟ್ರಿಪ್, ಪಿಐಆರ್ ಸೆನ್ಸರ್, ಮಾಸ್ಫೆಟ್, ರೆಸಿಸ್ಟರ್‌ಗಳು, ಎಲ್‌ಡಿಆರ್, 7805 ರೆಗ್ಯುಲೇಟರ್, 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ, ಅದಕ್ಕೆ ಚಾರ್ಜರ್. ಮೊದಲ ಮೂರು ಅಂಗಡಿಗಳಲ್ಲಿ ನನ್ನನ್ನು ಯಾರೂ ಲೆಕ್ಕಕ್ಕೇ ಇಡಲಿಲ್ಲ. ಅಲ್ಲಿ ಗಿರಾಕಿ ಅಂದರೆ ನೂರು ಪೀಸ್ ಕೇಳುವವನು. ನನ್ನದು ಒಂದು ಪೀಸ್, ಅದಕ್ಕೆ ಹತ್ತು ಪ್ರಶ್ನೆ.

ನಾಲ್ಕನೇ ಅಂಗಡಿಯಲ್ಲಿ ಕೂತಿದ್ದವರು ಎಪ್ಪತ್ತರ ಆಸುಪಾಸಿನ ಯಜಮಾನರು. ಪಟ್ಟಿ ಕೈಗೆ ತಗೊಂಡು ಕನ್ನಡಕ ಏರಿಸಿದರು.

"ಏನ್ ಮಾಡ್ತಿದ್ದೀರಪ್ಪ?"

"ಅಜ್ಜಿಗೆ ರಾತ್ರಿ ಓಡಾಡೋಕೆ ದೀಪ, ಸರ್."

ಅವರು ಪೆನ್ ತೆಗೆದು 7805 ಮೇಲೆ ಗೀಟು ಎಳೆದರು. "ಇದು ದಂಡ. ಈ ಸೆನ್ಸರ್ 20 ವೋಲ್ಟ್ ತನಕ ತಗೊಳುತ್ತೆ, ಬ್ಯಾಟರಿಯಿಂದ ನೇರ ಕೊಡಿ." ಆಮೇಲೆ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ಕೇಳಿದರು, "ಫ್ಯೂಸ್ ಎಲ್ಲಿ?"

ಫ್ಯೂಸ್ ಬರೆದಿರಲಿಲ್ಲ. ಹನ್ನೆರಡೇ ವೋಲ್ಟ್ ತಾನೇ, ಶಾಕ್ ಹೊಡೆಯೋದಿಲ್ಲವಲ್ಲ ಅಂದೆ.

"ಶಾಕ್ ಹೊಡೆಯಲ್ಲ, ಬೆಂಕಿ ಹತ್ತುತ್ತೆ. ಇಲಿ ವೈರ್ ಕಡಿದು ಶಾರ್ಟ್ ಆದ್ರೆ ಬ್ಯಾಟರಿ ತನ್ನಲ್ಲಿರೋ ಕರೆಂಟೆಲ್ಲ ಒಂದೇ ಸಲ ಕಕ್ಕುತ್ತೆ. ಹಳೇ ಮನೆ ಅಂತೀರಿ, ಮರದ ತೊಲೆ ಇರುತ್ತೆ." ಎರಡು ಆಂಪಿಯರ್ ಫ್ಯೂಸ್, ಅದರ ಹೋಲ್ಡರ್ ತೆಗೆದು ಮುಂದಿಟ್ಟರು. "ಬ್ಯಾಟರಿ ಪ್ಲಸ್ ಪಕ್ಕದಲ್ಲೇ ಹಾಕಿ. ದೂರ ಹಾಕ್ಬೇಡಿ."

ನಾಲ್ಕು ವರ್ಷ ಓದಿದ ಮೇಲೂ ನನ್ನ ತಲೆಗೆ ಹೊಳೆಯದಿದ್ದ ವಿಷಯ ಅದು. ನಾವು ಲ್ಯಾಬಿನಲ್ಲಿ ಸರ್ಕ್ಯೂಟ್ ಕೆಲಸ ಮಾಡಿದರೆ ಸಾಕು ಅಂದುಕೊಂಡವರು. ಕೆಟ್ಟಾಗ ಹೇಗೆ ಕೆಡುತ್ತದೆ ಅಂತ ಅವರು ಮೊದಲು ಯೋಚಿಸಿದರು.

ಸ್ಟ್ರಿಪ್ ಆಯ್ಕೆಯಲ್ಲೂ ಅವರದ್ದೇ ಸಲಹೆ. ಬಿಳಿ ಎಲ್‌ಇಡಿ ಅಂದರೆ ಒಳಗೆ ಇರುವುದು ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಫಾಸ್ಫರ್ ಲೇಪ. ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೇ ಅಕಸಾಕಿ, ಅಮಾನೊ, ನಕಮುರ ಮೂವರಿಗೆ 2014ರ ಭೌತಶಾಸ್ತ್ರ ನೊಬೆಲ್ ಬಂದದ್ದು. ಲೇಪ ಬದಲಾದರೆ ಬೆಳಕಿನ ಬಣ್ಣ ಬದಲಾಗುತ್ತದೆ. 6500 ಕೆಲ್ವಿನ್ ಅಂದರೆ ಆಸ್ಪತ್ರೆ ಬಿಳಿ, 3000 ಅಂದರೆ ಹಳೇ ಬಲ್ಬಿನ ಹಳದಿ. "ಕಣ್ಣಿನ ಆಪರೇಷನ್ ಆಗಿದ್ಯಾ ಅಜ್ಜಿಗೆ? ಹಾಗಾದ್ರೆ ಹಳದಿ ತಗೊಳ್ಳಿ, ನಿದ್ದೆಗಣ್ಣಿಗೆ ಕುಕ್ಕಲ್ಲ."

ಮಾಸ್ಫೆಟ್ ಮಾತ್ರ ಅವರಲ್ಲಿ ಖಾಲಿಯಾಗಿತ್ತು. ಬೇರೆ ಅಂಗಡಿಗೆ ಹೋಗಿ ಐಆರ್‌ಎಲ್‌ಝಡ್44ಎನ್ ಕೇಳಿದೆ. ಹುಡುಗ ಐಆರ್‌ಎಫ್‌ಝಡ್44ಎನ್ ಕೊಟ್ಟ. ಒಂದಕ್ಷರ ಬೇರೆ ಇದೆಯಲ್ಲ ಅಂದರೆ, "ಎರಡೂ ಒಂದೇ ಸರ್, ಎಲ್ರೂ ಇದೇ ಒಯ್ಯೋದು" ಅಂದ. ಸರಿ ಅಂತ ತಗೊಂಡೆ.

ದಿನಾ ಆಫೀಸಲ್ಲಿ ಒಂದಕ್ಷರ ತಪ್ಪಾದರೆ ಪ್ರೋಗ್ರಾಂ ಓಡುವುದಿಲ್ಲ ಅಂತ ಜೂನಿಯರ್‌ಗಳಿಗೆ ಪಾಠ ಮಾಡುವವನು ನಾನು!

ಮನೆಗೆ ಬಂದು ಬೆಸುಗೆ ಹಾಕಲು ಶುರು ಮಾಡಿದೆ. ಮೊದಲ ದಿನ ಮೂರು ಜಾಯಿಂಟ್ ಕಿತ್ತು ಬಂದವು. ಕಾವು ಕೊಡಬೇಕಾದದ್ದು ವೈರಿಗೆ, ನಾನು ಕರಗಿಸುತ್ತಿದ್ದದ್ದು ಬರೀ ಸೀಸವನ್ನು. ಎರಡನೇ ದಿನ ಸ್ಟ್ರಿಪ್ಪನ್ನು ತಪ್ಪು ಜಾಗದಲ್ಲಿ ಕತ್ತರಿಸಿ ಮೂರು ಎಲ್‌ಇಡಿ ಹಾಳು ಮಾಡಿದೆ. ಒಂದೊಂದು ಬಿಳಿ ಎಲ್‌ಇಡಿಗೆ ಸುಮಾರು ಮೂರು ವೋಲ್ಟ್ ಬೇಕು. ಮೂರನ್ನು ಸಾಲಾಗಿ ಸೇರಿಸಿದರೆ ಒಂಬತ್ತು, ಉಳಿದದ್ದನ್ನು ಒಂದು ಪುಟ್ಟ ರೆಸಿಸ್ಟರ್ ನುಂಗುತ್ತದೆ. ಅದಕ್ಕೇ ಆ ಸ್ಟ್ರಿಪ್ಪನ್ನು ಮೂರು ಮೂರು ಎಲ್‌ಇಡಿಗೊಮ್ಮೆ, ಗುರುತು ಇರುವಲ್ಲೇ ಕತ್ತರಿಸಬೇಕು. ಈ ಲೆಕ್ಕ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ, ಕತ್ತರಿ ಹಿಡಿದಾಗ ನೆನಪಾಗಲಿಲ್ಲ.

ಮೂರನೇ ದಿನ ಎಲ್ಲ ಸೇರಿಸಿ ಸೆನ್ಸರ್ ಮುಂದೆ ಕೈಯಾಡಿಸಿದೆ. ದೀಪ ಹೊತ್ತಿತು. ಆದರೆ ಎಣ್ಣೆ ಮುಗಿಯುತ್ತಿರುವ ಹಣತೆಯ ಹಾಗೆ, ಮಂಕು. ಮಾಸ್ಫೆಟ್ ಮುಟ್ಟಿ ನೋಡಿದರೆ ಬೆರಳು ಚುರುಕ್ ಅಂತು.

ರಾತ್ರಿ ಹನ್ನೊಂದರ ತನಕ ಮಲ್ಟಿಮೀಟರ್ ಹಿಡಿದು ಕೂತೆ. ಸೆನ್ಸರಿನಿಂದ ಬರುತ್ತಿದ್ದದ್ದು 3.3 ವೋಲ್ಟ್. ಡೇಟಾಶೀಟ್ ತೆಗೆದು ನೋಡಿದಾಗ ಆ ಒಂದಕ್ಷರದ ಅರ್ಥ ತಿಳಿಯಿತು. 'ಎಫ್' ಇರುವ ಮಾಸ್ಫೆಟ್ ಪೂರ್ತಿ ತೆರೆದುಕೊಳ್ಳಲು ಗೇಟಿಗೆ ಸುಮಾರು ಹತ್ತು ವೋಲ್ಟ್ ಬೇಕು. 'ಎಲ್' ಇರುವುದಕ್ಕೆ ಸಣ್ಣ ವೋಲ್ಟೇಜೇ ಸಾಕು. ನನ್ನದು ಅರ್ಧ ತೆರೆದ ಬಾಗಿಲು. ನುಗ್ಗಲಾಗದ ಕರೆಂಟಿನ ಶಕ್ತಿಯೆಲ್ಲ ಅಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಇದನ್ನೇ ನೋಡದೆ ಊರಲ್ಲಿ ಹಾಕಿ ಬಂದಿದ್ದರೆ?

ಮುಂದಿನ ಶನಿವಾರ ಮತ್ತೆ ಎಸ್‌ಪಿ ರೋಡ್. ಯಜಮಾನರು ನನ್ನ ಕಥೆ ಕೇಳಿ ನಕ್ಕರು. ಡ್ರಾಯರಿನಿಂದ 'ಎಲ್' ಇರುವುದನ್ನು ತೆಗೆದು ಎರಡು ಕೊಟ್ಟರು. "ಒಂದು ಸುಟ್ಟುಕೊಳ್ಳೋಕೆ," ಅಂದರು. ಎಲ್ಲ ಸೇರಿ ನನಗಾದ ಖರ್ಚು ಎರಡೂವರೆ ಸಾವಿರದ ಹತ್ತಿರ. ಅದರಲ್ಲಿ ಸೋಲ್ಡರಿಂಗ್ ಐರನ್ನು, ಮಲ್ಟಿಮೀಟರೂ ಸೇರಿದೆ.

ನೀವೂ ಇಂಥದ್ದೇನಾದರೂ ಮಾಡುವವರಿದ್ದರೆ ಒಂದೆರಡು ಮಾತು. ಪಟ್ಟಿಯಲ್ಲಿ ಪಾರ್ಟಿನ ನಂಬರನ್ನು ಪೂರ್ತಿ ಬರೆದುಕೊಂಡು ಹೋಗಿ, ಕೊಟ್ಟಿದ್ದರ ಮೇಲೆ ಅದೇ ನಂಬರ್ ಇದೆಯಾ ಅಂತ ಅಂಗಡಿಯಲ್ಲೇ ಓದಿ. ಸಣ್ಣ ಸಾಮಾನು ಎರಡೆರಡು ತಗೊಳ್ಳಿ. "ಏನು ಬೇಕು" ಅಂತ ಮಾತ್ರ ಹೇಳಬೇಡಿ, "ಯಾಕೆ ಬೇಕು" ಅಂತಲೂ ಹೇಳಿ.

ಆ ವಾರದ ಕೊನೆಗೆ ರಾತ್ರಿ ಬಸ್ಸಿಗೆ ಊರಿಗೆ ಹೋದೆ. ಎರಡೂವರೆ ಮೀಟರ್ ಸ್ಟ್ರಿಪ್ಪನ್ನು ವೈರಿಂಗಿನ ಪಿವಿಸಿ ಕೇಸಿಂಗ್ ಒಳಗೆ ಕೂರಿಸಿ, ಹಿತ್ತಿಲ ಗೋಡೆಗೆ ಮೊಣಕಾಲಿಗಿಂತ ಕೆಳಗೆ ಹೊಡೆದೆ. ಸೆನ್ಸರ್ ಸೂರಿನ ಕೆಳಗೆ, ಮಳೆ ತಾಗದ ಹಾಗೆ. ಬ್ಯಾಟರಿ ಅಡುಗೆ ಮನೆ ಮೂಲೆಯಲ್ಲಿ, ಪ್ಲಸ್ ಪಕ್ಕದಲ್ಲೇ ಫ್ಯೂಸ್. ಅಪ್ಪ ಏಣಿ ಹಿಡಿದು ನಿಂತರು. ಹಗಲು ಹೊತ್ತದಿರಲಿ ಅಂತ ಎಲ್‌ಡಿಆರ್, ಒಮ್ಮೆ ಹೊತ್ತಿದರೆ ಒಂದೂವರೆ ನಿಮಿಷ ಉರಿಯುವ ಹಾಗೆ ಟೈಮರ್ ತಿರುಪು.

ಸಂಜೆ ಕತ್ತಲಾದ ಮೇಲೆ ಮೊದಲು ದೀಪ ಹೊತ್ತಿಸಿದ್ದು ಅಜ್ಜಿಯಲ್ಲ, ಬೆಕ್ಕು. ಪಿಐಆರ್ ನೋಡುವುದು ಚಲಿಸುವ ಬಿಸಿ ಮೈಯನ್ನು, ಅದಕ್ಕೆ ಮನುಷ್ಯ ಬೆಕ್ಕು ಎಂಬ ಭೇದವಿಲ್ಲ. ಎರಡನೆಯವಳು ಅಜ್ಜಿ. ಹೊಸಿಲು ದಾಟಿದ್ದೇ ಕಲ್ಲಿನ ದಾರಿ ಉದ್ದಕ್ಕೂ ಹಳದಿ ಬೆಳಕು ಚೆಲ್ಲಿತು. ಎಲ್ಲಿ ಹಾವಸೆ, ಎಲ್ಲಿ ನೀರು ನಿಂತಿದೆ, ಎಲ್ಲ ಕಾಣುತ್ತಿತ್ತು. ಪ್ಲಾಸ್ಟರ್ ಹಾಕಿದ ಕೈ ಎದೆಗೊತ್ತಿಕೊಂಡು, ಎಡಗೈಯಲ್ಲಿ ಗೋಡೆ ಹಿಡಿದು ಹೋಗಿ ಬಂದಳು. ಟಾರ್ಚ್ ಬೇಕಾಗಲಿಲ್ಲ.

ಊಟ ಆದ ಮೇಲೆ ಜಗಲಿಯಲ್ಲಿ ಕೂತಿದ್ದೆವು. ಬಲಗೈ ಆಡದ ಕಾರಣ ಅವಳ ಎಲೆಗೆ ಸುಣ್ಣ ಹಚ್ಚುವ ಕೆಲಸ ನನ್ನದಾಗಿತ್ತು.

"ಕಾಲೇಜಲ್ಲಿ ಮಾಡಿದ್ದೂ ಹಿಂಗೇನಾ?" ಅಂತ ಕೇಳಿದಳು.

ಎಲೆ ಮಡಚುತ್ತಾ ಹೇಳಿದೆ. "ಅದನ್ನ ನಾನು ಮಾಡಿರ್ಲಿಲ್ಲ ಅಜ್ಜಿ. ಅಂಗಡೀಲಿ ಕೊಂಡಿದ್ದು. ನಿನ್ ಹತ್ರ ಇಸ್ಕೊಂಡ ದುಡ್ಡಲ್ಲಿ."

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಂಗಳದಲ್ಲಿ ಸೂರಿನ ನೀರು ಬೀಳುತ್ತಿತ್ತು.

"ಮೂರು ಸಾವ್ರ," ಅಂದಳು. "ಆಗ ಅದು ಎರಡು ತಿಂಗಳ ಹಾಲಿನ ದುಡ್ಡು."

"ವಾಪಸ್ ಕೊಡ್ತೀನಿ."

"ದುಡ್ಡು ತಗೊಂಡು ನಾನೇನ್ ಮಾಡ್ಲಿ ಮಾರಾಯ?" ಎಲೆ ಬಾಯಿಗಿಟ್ಟುಕೊಂಡು ಮುಖ ಸಿಂಡರಿಸಿದಳು. "ಸುಣ್ಣ ಜಾಸ್ತಿ ಆಯ್ತು. ಕೊಟ್ಟಿಗೆಗೂ ಒಂದು ಹಾಕ್ಕೊಡು. ನಿಮ್ಮಮ್ಮ ಬೆಳಿಗ್ಗೆ ಕತ್ಲಲ್ಲೇ ಹಾಲು ಕರೆಯೋಕೆ ಹೋಗ್ತಾಳೆ."

ಅಷ್ಟೇ. ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಹೇಳಲಿಲ್ಲ. ಕೆಲಸ ಕೊಟ್ಟಳು.

ಕೊಟ್ಟಿಗೆಯದ್ದು ಸುಲಭವಿಲ್ಲ. ಅಲ್ಲಿ ಮೂರು ದನ ಇವೆ, ಬಾಲ ಬೀಸಿದರೂ ಸೆನ್ಸರ್ ದೀಪ ಹೊತ್ತಿಸುತ್ತದೆ, ರಾತ್ರಿಯಿಡೀ ಉರಿದರೆ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಖಾಲಿ. ಸೆನ್ಸರನ್ನು ಬಾಗಿಲ ಹೊರಗೆ, ದಾರಿಯ ಕಡೆ ಮುಖ ಮಾಡಿ ಇಡಬೇಕೋ, ಬಾಗಿಲಿಗೇ ಒಂದು ಸ್ವಿಚ್ ಕೂರಿಸಬೇಕೋ, ಇನ್ನೂ ಲೆಕ್ಕ ಹಾಕುತ್ತಿದ್ದೇನೆ. ಈ ಶನಿವಾರ ಯಜಮಾನರನ್ನೇ ಕೇಳಬೇಕು.

ಪಟ್ಟಿ ಬರೆದಿಟ್ಟಿದ್ದೇನೆ. ಮೊದಲ ಸಾಲಿನಲ್ಲಿ ಫ್ಯೂಸ್ ಇದೆ.