ಮೂರೂವರೆ ಗಂಟೆಯ ದಾರಿ

ನಮ್ಮ ಪುತ್ತೂರಿನ ಕಡೆ ದೂರವನ್ನು ಕಿಲೋಮೀಟರಿನಲ್ಲಿ ಹೇಳುವ ಹೆಂಗಸರು ಕಡಿಮೆ. "ಎಷ್ಟು ಹೊತ್ತಿನ ದಾರಿ?" ಎಂದೇ ಕೇಳುತ್ತೇವೆ. ಮಧ್ಯಾಹ್ನದ ಅಡುಗೆ ಮುಗಿಸಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದೇ ಎಂಬುದಷ್ಟೇ ನಮ್ಮ ಲೆಕ್ಕ.

ಈ ಲೆಕ್ಕದಲ್ಲಿ ಮಂಗಳೂರಿಗೆ ಬೆಂಗಳೂರಿಗಿಂತ ದುಬೈಯೇ ಹತ್ತಿರ. ಬೆಂಗಳೂರು ಸುಮಾರು 350 ಕಿಲೋಮೀಟರು. ಮಂಗಳೂರಿನ ವಿಮಾನ ನಿಲ್ದಾಣದಿಂದ ದುಬೈ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 2,450 ಕಿಲೋಮೀಟರು. ಆದರೂ ವಿಮಾನಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಮೂರೂವರೆ ಗಂಟೆ. ಶಿರಾಡಿ ಘಾಟಿ ಹತ್ತಿ ನಮ್ಮ ರಾತ್ರಿ ಬಸ್ಸು ಬೆಂಗಳೂರು ಮುಟ್ಟುವಷ್ಟರಲ್ಲಿ ವಿಮಾನ ಅಲ್ಲಿಗೆ ಹೋಗಿ ಹಿಂದಿರುಗಬಹುದು!

ಗಡಿಯಾರದ ಆಟವೂ ಇದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿಂದ ರಾತ್ರಿ ಒಂಬತ್ತಕ್ಕೆ ಹೊರಟವರು ಅಲ್ಲಿನ ಹನ್ನೊಂದಕ್ಕೇ ಇಳಿಯುತ್ತಾರೆ. ಅಲ್ಲಿಂದ ಹನ್ನೊಂದಕ್ಕೆ ಹೊರಟವರು ಇಲ್ಲಿ ಇಳಿಯುವಾಗ ಬೆಳಗಿನ ಜಾವ ನಾಲ್ಕು. ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಬರುವಾಗ ವಿಮಾನ ತುಸು ಬೇಗ ತಲುಪುತ್ತದೆ; ಹೋಗುವಾಗ ಗಾಳಿಗೆ ಎದುರಾಗಬೇಕು. ನನ್ನ ಅಮ್ಮನಿಗೆ ಇದೆಲ್ಲ ಬಾಯಿಪಾಠ. ಗೋಡೆ ಗಡಿಯಾರ ನೋಡಿ ಮನಸ್ಸಿನಲ್ಲೇ ಒಂದೂವರೆ ಕಳೆದು, "ಈಗ ಅವಳು ಮಕ್ಕಳಿಗೆ ಬಡಿಸುತ್ತಿರಬಹುದು" ಎನ್ನುತ್ತಿದ್ದಳು.

ಅವಳೆಂದರೆ ನನ್ನ ತಂಗಿ. 2001ರಲ್ಲಿ ಮದುವೆಯಾಗಿ ಹೋದಾಗ ಮಂಗಳೂರಿನಿಂದ ನೇರ ವಿಮಾನವಿರಲಿಲ್ಲ. ಮುಂಬಯಿಗೆ ಬಸ್ಸು, ಅಲ್ಲೊಂದು ರಾತ್ರಿ ನೆಂಟರ ಮನೆ, ಆಮೇಲೆ ವಿಮಾನ. 2006ರಲ್ಲಿ ನೇರ ವಿಮಾನ ಶುರುವಾದಾಗ ಅಮ್ಮ ದುಬೈಯೇ ಬಜಪೆಗೆ ಬಂದಷ್ಟು ಹಿಗ್ಗಿದಳು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನವೊಂದು ಗುಡ್ಡದ ನೆತ್ತಿಯ ಆ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ತೀರಿಕೊಂಡರು. ಉಳಿದವರು ಎಂಟೇ ಜನ. ಅಂದಿನಿಂದ ತಂಗಿ ಬರುವ ರಾತ್ರಿ "ಇಳಿದೆ" ಎಂಬ ಫೋನು ಬರುವ ತನಕ ಅಮ್ಮ ಮಲಗುತ್ತಿರಲಿಲ್ಲ.

2014ರಲ್ಲಿ ಅಮ್ಮ ಆಸ್ಪತ್ರೆ ಸೇರಿದಾಗ ತಂಗಿಗೆ ತಿಳಿಸಿದೆ. "ಅಕ್ಕಾ, ಇವತ್ತಿನ ವಿಮಾನದಲ್ಲೇ ಸೀಟಿದೆ. ರಜೆ ಒಂದು ಸಿಕ್ಕಿದರೆ ಸಾಕು" ಎಂದಳು. ಅವಳ ಪಾಸ್‌ಪೋರ್ಟು ಕೆಲಸದ ಕಚೇರಿಯ ಕಪಾಟಿನಲ್ಲಿತ್ತು. ಸಹಿ ಹಾಕಬೇಕಾದವರು ಊರಲ್ಲಿರಲಿಲ್ಲ. ಸೀಟಿದ್ದ ವಿಮಾನಗಳು ದಿನವೂ ಹಾರಿದವು. ಅಮ್ಮ ಕಣ್ಣು ತೆರೆದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: "ಹೊರಟಳಾ?"

ಮೂರನೆಯ ದಿನ ಅಮ್ಮ ಹೋದಳು. ತಂಗಿ ಬಂದದ್ದು ಐದನೆಯ ದಿನ. ವಿಮಾನ ಒಂದು ನಿಮಿಷವೂ ತಡವಾಗಿರಲಿಲ್ಲ.

ಈಗ ಮಗಳನ್ನು ಅಲ್ಲಿಗೆ ಕೊಡುವ ತಾಯಂದಿರು ನನ್ನಲ್ಲಿ ಕೇಳುವುದುಂಟು, ದುಬೈ ತುಂಬ ದೂರವಾ ಎಂದು. "ಮೂರೂವರೆ ಗಂಟೆ" ಎನ್ನುತ್ತೇನೆ. "ಆದರೆ ಪಾಸ್‌ಪೋರ್ಟು ಅವಳ ಕೈಯಲ್ಲೇ ಇರುತ್ತದೆಯೇ, ಅದನ್ನು ಮೊದಲು ಕೇಳಿಕೊಳ್ಳಿ."